ಖಾಲಿ ಗಾಡಿಯ ಬ್ರೇಕು

ಆಷಾಢದ ಒಂದು ಗುರುವಾರ ಬೆಳಿಗ್ಗೆ ಏಳೂವರೆಗೆ ನಂಜನಗೂಡಿನಿಂದ ಹೊರಟೆವು. ಗಾಡಿ ಓಡಿಸುತ್ತಿದ್ದವರು ನಮ್ಮತ್ತಿಗೆ ರಾಜಮ್ಮ, ಪಕ್ಕದಲ್ಲಿ ನಾನು. ಗಾಡಿ ಅಣ್ಣನದು, ಇಪ್ಪತ್ತೈದು ವರ್ಷ ಹಳೆಯ ಸಣ್ಣ ಪಿಕಪ್. ಅಣ್ಣ ತೀರಿಕೊಂಡು ಮೂರು ವರ್ಷವಾಯಿತು. ಇದೇ ಗಾಡಿಯಲ್ಲಿ, ಇದೇ ರಸ್ತೆಯಲ್ಲಿ, ಟಿ. ನರಸೀಪುರದಲ್ಲಿ ಇಟ್ಟಿಗೆ ಇಳಿಸಿ ಖಾಲಿ ಬರುವಾಗ ತಿರುವಿನಲ್ಲಿ ಗಾಡಿ ಗಿರ್ರನೆ ತಿರುಗಿ ಹುಣಸೆಮರಕ್ಕೆ ಹೊಡೆದಿತ್ತು. ಕುಡಿದಿದ್ದ ಎಂದು ಊರೆಲ್ಲ ಹೇಳಿತು. ಕೇಳಿದವರಿಗೆಲ್ಲ ನಾನೂ ಹೂಂ ಅಂದಿದ್ದೆ. ಅಣ್ಣ ಹಿಂದೆ ಕುಡಿಯುತ್ತಿದ್ದದ್ದು ನಿಜ. 'ಅವರು ಬಿಟ್ಟು ಎರಡು ವರ್ಷ ಆಗಿತ್ತು' ಎಂದು ಅತ್ತಿಗೆ ಒಬ್ಬರೇ ಹೇಳುತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಜಜ್ಜಿಹೋದ ಮುಂಭಾಗವನ್ನು ರಿಪೇರಿ ಮಾಡಿಸಿ ಗಾಡಿಯನ್ನು ಶೆಡ್ಡಿಗೆ ಹಾಕಿದವನು ನಾನು. ಮಾರಿಬಿಡಿ ಎಂದರೆ ಅತ್ತಿಗೆ ಒಪ್ಪಲಿಲ್ಲ. ಐವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡರು. ಶ್ರಾವಣ ಬಂದರೆ ಮದುವೆಗಳು ಶುರು, ಮೈಸೂರಿನ ಮೂರು ಛತ್ರಗಳಿಗೆ ಬಾಳೆ ಎಲೆ ಹಾಕಲು ಮಾತಾಡಿಕೊಂಡಿದ್ದರು. ಆದರೆ ಬ್ರೇಕ್ ಒತ್ತಿದರೆ ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರುತ್ತಿತ್ತು. ನಂಜನಗೂಡಿನ ಇಬ್ಬರು ಮೆಕ್ಯಾನಿಕ್‌ಗಳು ಗುಜರಿಗೆ ಹಾಕಿ ಎಂದು ಕೈಚೆಲ್ಲಿಬಿಟ್ಟರು. ಹಳೇ ಗಾಡಿಗಳ ಬ್ರೇಕ್ ಗೊತ್ತಿರುವ ಪುಟ್ಟಸ್ವಾಮಿ ಎಂಬುವವರು ಟಿ. ನರಸೀಪುರದಲ್ಲಿದ್ದಾರೆ ಎಂದು ಯಾರೋ ಹೇಳಿದರು. ಅದಕ್ಕೇ ಈ ಪ್ರಯಾಣ. ನಾನು ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಒಂದು ದಿನ ರಜೆ ಹಾಕಿ ಜೊತೆಗೆ ಹೊರಟಿದ್ದೆ.

ಸುತ್ತು ದಾರಿಯಾದರೂ ತಗಡೂರಿನ ಮೇಲೆ ಹೋದೆವು. ಅಣ್ಣ ಹೋಗುತ್ತಿದ್ದದ್ದು ಆ ದಾರಿಯಲ್ಲೇ. ಜಿಟಿಜಿಟಿ ಮಳೆ. ಒಂದೇ ವೈಪರ್ ಕೆಲಸ ಮಾಡುತ್ತಿತ್ತು, ಅದೂ ನನ್ನ ಕಡೆಯದು. ಅತ್ತಿಗೆ ಮೂವತ್ತರ ಮೇಲೆ ಹೋಗಲಿಲ್ಲ. ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿದಾಗಲೂ ಅವರು ನಗಲಿಲ್ಲ, ನನಗೂ ನಗು ಬರಲಿಲ್ಲ. ತಗಡೂರಿನಲ್ಲಿ ನಿಲ್ಲಿಸಿ ಇಡ್ಲಿ ತಿಂದೆವು. ಇಬ್ಬರಿಗೂ ಸೇರಿ ಎಂಬತ್ತು ರೂಪಾಯಿ, ಚಟ್ನಿ ನೀರು ನೀರಾಗಿತ್ತು.

ಹೋಟೆಲಿನವನು ಗಾಡಿಯನ್ನು ಗುರುತು ಹಿಡಿದ. "ಇದು ನಂಜುಂಡಣ್ಣನ ಗಾಡಿ ಅಲ್ವರಾ? ಒಳ್ಳೆ ಮನ್ಸ. ಎಣ್ಣೆ ಸಾವಾಸ ಕೆಡಿಸ್ತು."

ಅತ್ತಿಗೆ ಕಾಫಿ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದರು. ನಾನು ದುಡ್ಡು ಕೊಟ್ಟು ಬಂದೆ.

ಆ ತಿರುವು ನಾಲೆಯ ಸೇತುವೆ ದಾಟಿದ ಮೇಲೆ ಬರುತ್ತದೆ. ಹುಣಸೆಮರದಲ್ಲಿ ಆಳೆತ್ತರಕ್ಕೆ ತೊಗಟೆ ಕಿತ್ತುಹೋದ ಜಾಗ ಇನ್ನೂ ತುಂಬಿಕೊಂಡಿಲ್ಲ. ಅತ್ತಿಗೆ ಫಸ್ಟ್ ಗೇರಿಗೆ ಹಾಕಿ, ಬ್ರೇಕ್ ಮುಟ್ಟದೆ, ನಡೆದು ಹೋಗುವ ಹಾಗೆ ದಾಟಿದರು. ನಾನು ಆಚೆ ಗದ್ದೆಯ ಕಡೆ ಮುಖ ತಿರುಗಿಸಿದೆ.

ಟಿ. ನರಸೀಪುರ ಸೇರಿದಾಗ ಹತ್ತು ಗಂಟೆ. ಬಸ್ ಸ್ಟ್ಯಾಂಡಿನಿಂದ ಎರಡು ಫರ್ಲಾಂಗ್ ಆಚೆ, ತಗಡಿನ ಮಾಡಿನ ಕೆಳಗೆ ಪುಟ್ಟಸ್ವಾಮಿಯವರ ವರ್ಕ್‌ಶಾಪು. ಎಪ್ಪತ್ತರ ಮೇಲಿನ ಸಣಕಲು ಮನುಷ್ಯ, ಹಣೆಯಲ್ಲಿ ವಿಭೂತಿ, ಮೊಣಕೈವರೆಗೂ ಗ್ರೀಸು. ಅವರ ಪರೀಕ್ಷೆಯ ಕ್ರಮ ನಾನು ಬೇರೆಲ್ಲೂ ಕಂಡದ್ದಲ್ಲ. ಅಂಗಳದಲ್ಲಿ ಒದ್ದೆ ಮರಳು ಹರಡಿಸಿ, ಅದರ ಮೇಲೆ ಗಾಡಿಯನ್ನು ಓಡಿಸಿ ಬ್ರೇಕ್ ಒತ್ತಲು ಹೇಳಿದರು. ಆಮೇಲೆ ಕುಕ್ಕರಗಾಲಲ್ಲಿ ಕೂತು ನಾಲ್ಕು ಚಕ್ರಗಳ ಗುರುತನ್ನೂ ಒಂದೊಂದಾಗಿ ನೋಡಿದರು.

"ನೋಡಿ ಸಾ, ಮುಂದ್ಗಡೆ ಚಕ್ರ ಇನ್ನೂ ಉರುಳ್ತಾನೇ ಅವೆ, ಇಂದ್ಗಡೆವು ಆಗ್ಲೇ ಕಚ್ಕಂಡು ನಿಂತವೆ. ಮೊದ್ಲು ಮುಂದ್ಗಡೆ ಇಡೀಬೇಕು. ಇಂದ್ಗಡೆ ಮೊದ್ಲು ಕಚ್ಕಂಡ್ರೆ ಗಾಡಿ ತಿರುಗ್ಬುಡ್ತದೆ," ಎಂದು ಗಾಡಿಯ ಕೆಳಗೆ ತೂರಿಕೊಂಡರು.

ಒಳಗಿನಿಂದಲೇ ಅವರು ವಿವರಿಸಿದರು. ಹಿಂದಿನ ಆಕ್ಸೆಲ್ ಹತ್ತಿರ ಸ್ಪ್ರಿಂಗ್ ಇರುವ ಒಂದು ಕಡ್ಡಿ ಇರುತ್ತದೆ. ಲೋಡು ಬಿದ್ದು ಗಾಡಿ ತಗ್ಗಿದರೆ ಕಡ್ಡಿ ಮೇಲೇಳುತ್ತದೆ, ಆಗ ಹಿಂದಿನ ಬ್ರೇಕಿಗೆ ಹೆಚ್ಚು ಜೋರು ಸಿಗುತ್ತದೆ. ಖಾಲಿಯಾದಾಗ ಕಡ್ಡಿ ಇಳಿದು ಜೋರು ಕಡಿಮೆಯಾಗಬೇಕು. ಈ ಗಾಡಿಯಲ್ಲಿ ಅದು ಇಳಿಯುವ ಹಾಗೇ ಇಲ್ಲ, ಯಾರೋ ಮೇಲಕ್ಕೆತ್ತಿ ಕಟ್ಟಿಬಿಟ್ಟಿದ್ದಾರೆ.

ಕೆಳಗಿನಿಂದ ಬಂದ ಪುಟ್ಟಸ್ವಾಮಿ ತುಕ್ಕು ಹಿಡಿದ ಒಂದು ತುಂಡು ತಂತಿಯನ್ನು ಅತ್ತಿಗೆಯ ಕೈಗೆ ಕೊಟ್ಟರು. "ಯಾವನೋ ಕರೆಂಟ್‌ನೋನ್ ಕೆಲ್ಸ ಕಣಮ್ಮ. ಸುತ್ತಿರೋದ್ ನೋಡಿ, ಕಂಬದ್ ಮ್ಯಾಲೆ ಪಿಂಗಾಣಿಗೆ ಸುತ್ತೋ ಅಂಗೆ ಸುತ್ತವ್ನೆ. ಲೋಡ್ ಇದ್ದಾಗ ಚೆಂದಾಗೇ ನಿಂತಿರ್ತದೆ. ಖಾಲಿ ಬರೋವಾಗ ಮಳೆ ಬಿದ್ದಿದ್ರೆ ದೇವ್ರೇ ಗತಿ."

ಅತ್ತಿಗೆ ತಂತಿಯನ್ನು ನೋಡಿದರು, ಆಮೇಲೆ ನನ್ನ ಕೈಗಳನ್ನು ನೋಡಿದರು.

ಮೂರು ವರ್ಷದ ಹಿಂದೆ ಆ ಸ್ಪ್ರಿಂಗ್ ಮುರಿದಿತ್ತು, ಹೊಸದು ಎಲ್ಲೂ ಸಿಗಲಿಲ್ಲ. ಇಟ್ಟಿಗೆ ಹೇರಿದರೆ ಗಾಡಿ ನಿಲ್ಲುವುದಿಲ್ಲ ಎಂದು ಅಣ್ಣ ಒದ್ದಾಡುತ್ತಿದ್ದ. ಕಂಬದ ಕೆಲಸ ಮುಗಿಸಿ ಬಂದವನು ಕೆಳಗೆ ಮಲಗಿ ಐದು ನಿಮಿಷದಲ್ಲಿ ಕಟ್ಟಿಕೊಟ್ಟೆ. ಲೋಡು ಹೇರಿ ನೋಡಿದೆವು, ಗಾಡಿ ಗಕ್ಕನೆ ನಿಂತಿತು. 'ಭೇಷ್ ಕಣ್ಲಾ' ಎಂದು ಅಣ್ಣ ಬೆನ್ನು ತಟ್ಟಿದ್ದ. ಖಾಲಿ ಗಾಡಿಯಲ್ಲಿ ನೋಡಬೇಕು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಎಂಟೇ ದಿನಕ್ಕೆ ಅಣ್ಣ ಹೋದ. ಕಟ್ಟಿದ್ದು ಮರೆತಿತ್ತು ಎಂದರೆ ಸುಳ್ಳಾಗುತ್ತದೆ. ಅದಕ್ಕೂ ಸಾವಿಗೂ ಸಂಬಂಧವಿದೆ ಎಂದು ಗೊತ್ತಿರಲಿಲ್ಲ. ಕುಡಿದಿದ್ದ ಎಂಬ ಮಾತು ಸಿಕ್ಕಿದ ಮೇಲೆ ನಾನು ಬೇರೆ ಏನನ್ನೂ ಹುಡುಕಲಿಲ್ಲ.

"ನಾನೇ ಕಟ್ಟಿದ್ದು ಅತ್ತಿಗೆ," ಎಂದೆ.

ಪುಟ್ಟಸ್ವಾಮಿ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಒಳಗೆ ಹೋದರು.

ಅತ್ತಿಗೆ ಕೇಳಿದರು. "ಕಟ್ಟಿದ್ದು ಅಣ್ಣನ ಒಳ್ಳೇದಕ್ಕೇ ಅಂತ ಇಟ್ಕಳನಾ. ಕುಡ್ದಿದ್ದ ಅಂದ್ಯಲ್ಲ ಮಾದೇವ, ಅದ್ಯಾಕಂದೆ?"

ನಾನು ಮರಳಿನ ಮೇಲಿನ ಚಕ್ರದ ಗುರುತುಗಳನ್ನು ಕಾಲಿನಿಂದ ಅಳಿಸತೊಡಗಿದೆ.

ಕೆಲಸ ಎರಡೂವರೆವರೆಗೂ ನಡೆಯಿತು. ಪುಟ್ಟಸ್ವಾಮಿ ಗುಜರಿ ಪೆಟ್ಟಿಗೆಯಿಂದ ಒಂದು ಸ್ಪ್ರಿಂಗ್ ತೆಗೆದು ಹಾಕಿದರು, ಮುಂದಿನ ಚಕ್ರದಲ್ಲಿ ಜಾಮ್ ಆಗಿದ್ದ ಬ್ರೇಕ್ ಬಿಚ್ಚಿ ತೊಳೆದರು, ಕಡ್ಡಿಯನ್ನು ಒಂದೊಂದು ಸುತ್ತು ತಿರುಗಿಸಿ ಮತ್ತೆ ಮತ್ತೆ ಮರಳಿನ ಮೇಲೆ ಓಡಿಸಿದರು. ಮೊದಲು ಖಾಲಿ, ಆಮೇಲೆ ಮರಳಿನ ಮೂಟೆ ಹೇರಿ, ಮತ್ತೆ ಖಾಲಿ. ಸಾಕು ಎಂದು ಅವರು ಹೇಳಿದ ಮೇಲೂ ಅತ್ತಿಗೆ ಇನ್ನೊಂದು ಸಲ ಅಂದರು. ಊಟದ ಯೋಚನೆ ಯಾರಿಗೂ ಬರಲಿಲ್ಲ.

ಹೊರಡುವಾಗ ಬಾಗಿಲು ತೆಗೆಯಲು ಹೋದೆ.

"ನೀನು ಬಸ್ಸಲ್ಲಿ ಬಾ," ಎಂದರು ಅತ್ತಿಗೆ. ದನಿಯಲ್ಲಿ ಕೋಪವಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ತಂತಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟುಹೋದರು.

ತಗಡೂರಿನ ಮೇಲೆ ಹೋಗುವ ಬಸ್ಸು ಮೂರೂಕಾಲಿಗೆ ಬಂತು. ಹೆಂಗಸರೇ ತುಂಬಿದ್ದರು, ನಿಂತೇ ಇದ್ದೆ. ನಾಲೆ ಸೇತುವೆ ಇನ್ನೂ ಮುಂದಿರುವಾಗಲೇ ಡ್ರೈವರ್ ನಿಧಾನ ಮಾಡಿ ಹಾರನ್ ಹೊಡೆದ. ಬಗ್ಗಿ ನೋಡಿದರೆ ಮುಂದೆ ನಮ್ಮ ಪಿಕಪ್. ಹುಣಸೆಮರದ ತಿರುವಿಗೆ ಜೋರಾಗಿ ಬಂದು ಬ್ರೇಕ್ ಹಾಕಿತು. ನೆಂದ ರಸ್ತೆಯಲ್ಲೂ ನೇರವಾಗಿ ನಿಂತಿತು. ಆಮೇಲೆ ರಿವರ್ಸ್ ಹೋಗಿ, ಮತ್ತೆ ಬಂದು, ಮತ್ತೆ ನಿಂತಿತು.

"ಏನ್ಲಾ ಇದು, ಆಟ ಆಡ್ತಾವ್ರಾ?" ಎಂದ ಪಕ್ಕದಲ್ಲಿದ್ದವನೊಬ್ಬ. "ಓಡಿಸೋನು ಕುಡ್ದವ್ನೆ ಕಣ್ರೀ."

ಸುತ್ತಲಿದ್ದ ನಾಲ್ಕು ಜನ ಹೂಂ ಅಂದರು.

"ಕುಡಿದಿಲ್ಲ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಇಡೀ ಬಸ್ಸು ತಿರುಗಿ ನೋಡಿತು. "ಕುಡ್ದಿರ್ಲಿಲ್ಲ ಕಣ್ರೀ. ಬ್ರೇಕ್ ಸರಿ ಇರ್ಲಿಲ್ಲ."

ಯಾರಿಗೂ ಅರ್ಥವಾಗಲಿಲ್ಲ. ಡ್ರೈವರ್ ಪಕ್ಕಕ್ಕೆ ತೆಗೆದುಕೊಂಡು ಮುಂದೆ ಹೋದ. ಹಿಂದಿನ ಗಾಜಿನಲ್ಲಿ ನೋಡಿದಾಗ ಪಿಕಪ್ ಇನ್ನೊಮ್ಮೆ ರಿವರ್ಸ್ ಹೋಗುತ್ತಿತ್ತು.