ಕಚ್ಚುವ ಮಗಳು, ನಗುವ ಅಪ್ಪ

ಯೋಗೀಶನನ್ನು ಹುಟ್ಟಿದಾಗಿನಿಂದ ಯಾರೂ ನೇರವಾಗಿ ಹೊಗಳಿದ್ದಿಲ್ಲ. ತುಮಕೂರಿನ ಅವನ ಮನೆಯಲ್ಲಿ ಪ್ರೀತಿ ಬರುತ್ತಿದ್ದದ್ದೇ ಬೈಗುಳದ ವೇಷದಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಾಗ ಅಪ್ಪ "ಕತ್ತೆ, ಪಾಸಾಗ್ಬಿಟ್ಯಲ್ಲೋ" ಎಂದು ಬೆನ್ನಿಗೆ ಗುದ್ದಿದ್ದರು. ಅಜ್ಜಿ "ಹಾಳಾದವನೇ, ಬಾ ಉಣ್ಣು" ಎಂದರೆ ಅವತ್ತು ಹೋಳಿಗೆ ಮಾಡಿದ್ದಾರೆಂದೇ ಅರ್ಥ. ಹೀಗೆ ಬೆಳೆದವನು ಸ್ವೀಡನ್ನಿನ ನಾರ್‌ಶೋಪಿಂಗ್‌ಗೆ ಬಂದು, ಗೋದಾಮುಗಳ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿ, ಅಲ್ಲೇ ಒಂದು ಹೆಣ್ಣುಮಗುವಿನ ತಂದೆಯಾದ. ಹೆಸರಿಟ್ಟದ್ದು ಅಹನಾ ಎಂದು. ಆ ಹೆಸರು ಅವನ ಬಾಯಿಗೆ ಬರುತ್ತಿದ್ದದ್ದು ಡಾಕ್ಟರ ಮುಂದೆ ಮಾತ್ರ. ಮನೆಯಲ್ಲಿ ಅವಳು ಕಳ್ಳಿ.

ಎರಡೂವರೆ ವರ್ಷದ ಮಗಳು ಕನ್ನಡಕ ಕಿತ್ತರೆ "ಅಯ್ಯೋ ಕಳ್ಳಿ". ಮೊಸರಿನ ಬಟ್ಟಲು ಮಗುಚಿದರೆ "ಏನೇ ಕಳ್ಳಿ". ಮೊದಲ ಸಲ ಅವನ ತೋಳು ಕಚ್ಚಿದಾಗಲಂತೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಅವಳನ್ನು ಎತ್ತಿ ಗಿರಗಿರನೆ ತಿರುಗಿಸಿ, "ಕಳ್ಳೀ, ಅಪ್ಪನ್ನೇ ತಿಂದ್ಬಿಡ್ತೀಯೇನೇ?" ಎಂದ. ಮಗುವಿಗೆ ಇನ್ನೇನು ಬೇಕು? ಆಟ ಸಿಕ್ಕಿತು.

ಬೇಸಿಗೆ ರಜೆ ಮುಗಿದ ಮೇಲೆ ಅವಳು ದಾಗಿಸ್‌ನಲ್ಲಿ, ಅಂದರೆ ಅಲ್ಲಿನ ಶಿಶುವಿಹಾರದಲ್ಲಿ, ಬೇರೆ ಮಕ್ಕಳನ್ನು ಕಚ್ಚತೊಡಗಿದಳು. ವಿಲ್‌ಗೊತ್ ಎಂಬ ಹುಡುಗನ ಕೈ ಮೇಲೆ ಹಲ್ಲಿನ ಗುರುತೆದ್ದಿತು. ಟೀಚರ್ ಆನ್ನಿಕಾ, ಯೋಗೀಶನನ್ನೂ ಅವನ ಹೆಂಡತಿ ಪಾವನಾಳನ್ನೂ ಕರೆಸಿ, ಕಾಫಿ ಕೊಟ್ಟು, ಮೆತ್ತಗೆ ಹೇಳಿದಳು: "ಅಹನಾ ಹತ್ತಿರ ಬಂದ್ರೆ ಮಕ್ಕಳು ಎದ್ದು ಬೇರೆ ಕಡೆ ಹೋಗ್ತಾರೆ. ದಿನಾ ಒಬ್ಬಳೇ ಕೂತಿರ್ತಾಳೆ. ಕಚ್ಚಿದ ಮೇಲೆ ನಮ್ಮ ಮುಖ ನೋಡ್ತಾಳೆ, ನಾವು ನಗಲಿ ಅಂತ ಕಾಯ್ತಾಳೆ. ಮನೇಲಿ ಯಾರಾದ್ರೂ ನಗ್ತೀರಾ?"

ಪಾವನಾ ಗಂಡನ ಕಡೆ ತಿರುಗಿದಳು. ಗಂಡ ಕಾಫಿ ಲೋಟದೊಳಗೆ ಇಣುಕುತ್ತಿದ್ದ.

ಆನ್ನಿಕಾ ಹೇಳಿದ ಉಪಾಯ ಸುಲಭದ್ದೇ. ಕಚ್ಚಿದರೆ "ಬೇಡ, ನೋವಾಗುತ್ತೆ" ಎಂದಷ್ಟೇ ಹೇಳಬೇಕು, ಮುಖದಲ್ಲಿ ನಗು ಸುಳಿಯಬಾರದು. ಒಳ್ಳೆಯದೇನಾದರೂ ಮಾಡಿದ ಕೂಡಲೇ ಪಕ್ಕದಲ್ಲಿ ಕೂತು, ಏನು ಮಾಡಿದಳೋ ಅದನ್ನೇ ಹೇಳಿ ಸಂತೋಷಪಡಬೇಕು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮವರು ಮಕ್ಕಳ ವಿಷಯದಲ್ಲಿ ಹೇಳುತ್ತಾರೆ. ಇಲ್ಲಿ ಗಿಡ ಬಗ್ಗಲು ತಯಾರಾಗಿಯೇ ಇತ್ತು, ತೊಂದರೆಯೆಲ್ಲ ಮರದ್ದು. ಮಗಳು ಚೆಲ್ಲದೆ ಹಾಲು ಕುಡಿದಾಗ ಯೋಗೀಶ ಮಂಡಿಯೂರಿ, "ಅಹನಾ, ನೀನು ಹಾಲು ಚೆಲ್ಲದೆ ಕುಡಿದೆ. ತುಂಬಾ ಒಳ್ಳೆಯ ಕೆಲಸ" ಎಂದ. ಅಪ್ಪನ ಬಾಯಲ್ಲಿ ಬಂದ ಈ ಅಹನಾ ಯಾರೆಂದು ಮಗು ಹಿಂದೆ ತಿರುಗಿ ನೋಡಿತು.

"ಸ್ವಲ್ಪ ಖುಷಿಯಾಗಿ ಹೇಳು ಯೋಗಿ, ಅಪ್ರೈಸಲ್ ಮೀಟಿಂಗ್ ಅಲ್ಲ ಇದು," ಎಂದಳು ಪಾವನಾ.

"ಖುಷಿಯಾಗೇ ಹೇಳ್ದೆ ಕಣೇ."

"ಹಾಗಿದ್ರೆ ಕಳ್ಳಿ ಅಂತಾನೇ ಕರಿ. ಒಳ್ಳೇದು ಮಾಡ್ದಾಗ ಕರಿ, ಅಷ್ಟೇ."

ಮಾತೇನೋ ಸರಿಯೇ. ಮರುದಿನ ಮಗಳು ಆಟದ ಬ್ಲಾಕುಗಳನ್ನೆಲ್ಲ ಡಬ್ಬಿಗೆ ತುಂಬಿಟ್ಟಳು. ಯೋಗೀಶ ಪಕ್ಕದಲ್ಲಿ ಕೂತು, ಎಲ್ಲೂ ತಪ್ಪಬಾರದೆಂದು ಎಚ್ಚರದಿಂದ, "ಕಳ್ಳಿ, ಎಲ್ಲಾ ಎತ್ತಿಟ್ಯಾ?" ಎಂದ. ಎಚ್ಚರವೆಲ್ಲ ಮಾತಿನ ಮೇಲಿದ್ದದ್ದರಿಂದ ನಗು ಬರಲೇ ಇಲ್ಲ. ನಗು ಇಲ್ಲದ ಕಳ್ಳಿ ಬರೀ ಬೈಗುಳ. ಮಗುವಿನ ಕೆಳತುಟಿ ನಡುಗಿತು. ಅವಳು ಡಬ್ಬಿಯಿಂದ ಒಂದು ಬ್ಲಾಕ್ ತೆಗೆದು, ಅವನದೇನನ್ನೋ ಕದ್ದಿದ್ದವಳ ಹಾಗೆ, ಅವನ ಕೈಗೆ ವಾಪಸ್ ಕೊಟ್ಟಳು.

ಕಳ್ಳಿ ಎಂಬ ಮಾತು ಅವನಿಗೆ ಬಿಸಿ ತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವತ್ತಿನಿಂದ ಅವನು ಅವಳನ್ನು ಹಾಗೆ ಕರೆಯುವುದನ್ನೇ ಬಿಟ್ಟ.

ಪಾವನಾಳ ಕೈಯಲ್ಲೂ ಆನ್ನಿಕಾಳ ಕೈಯಲ್ಲೂ ಮಾತ್ರ ಉಪಾಯ ಚೆನ್ನಾಗಿ ಫಲಿಸಿತು. ದಾಗಿಸ್‌ನಲ್ಲಿ ಕಚ್ಚುವುದು ಕಡಿಮೆಯಾಯಿತು. ಈಗ ಅವಳು ಕಚ್ಚುತ್ತಿದ್ದದ್ದು ಹೆಚ್ಚಾಗಿ ಅಪ್ಪನನ್ನೇ.

ಒಂದು ಸಂಜೆ ಟ್ರಾಮಿನಲ್ಲಿ ಮನೆಗೆ ಬರುವಾಗ ಅವಳು ಅವನ ತೊಡೆಯ ಮೇಲೆ ಕೂತು, ಅವನ ಕೈಗವಸು ಎಳೆದು ತೆಗೆದು, ಬೆರಳನ್ನು ಮೆಲ್ಲಗೆ ಕಚ್ಚಿದಳು. ಕಚ್ಚಿ ತಲೆಯೆತ್ತಿ ನೋಡಿದಳು. ಈಗ ನಕ್ಕರೆ ನಾಳೆ ಮತ್ತೆ ಇನ್ನೊಂದು ಮಗುವಿನ ಕೈ, ಮತ್ತೆ ಒಬ್ಬಳೇ ಕೂರುವ ಮಗಳು. ಯೋಗೀಶ ಮುಖ ಬಿಗಿದುಕೊಂಡು, "ಬೇಡ. ನೋವಾಗುತ್ತೆ" ಎಂದ. ಅವಳು ಇನ್ನೂ ಸ್ವಲ್ಪ ಜೋರಾಗಿ ಕಚ್ಚಿ, ಮತ್ತೆ ನೋಡಿದಳು. "ಬೇಡ," ಎಂದ. ಆಗ ಅವಳು ಕೈ ಚಾಚಿ, ಪುಟ್ಟ ಬೆರಳಿಂದ ಅವನ ತುಟಿಯ ಅಂಚನ್ನು ಮೇಲಕ್ಕೆ ತಳ್ಳಿದಳು. ಒಂದು ಕಡೆ ತಳ್ಳಿ, ಆಮೇಲೆ ಇನ್ನೊಂದು ಕಡೆ. ಅವನಿಗೆ ಅಳು ಬಂತು. ಅಳುವುದಕ್ಕೂ ಅನುಮತಿ ಇಲ್ಲವೆನಿಸಿ ಹಲ್ಲು ಕಚ್ಚಿಕೊಂಡ. ಬೆರಳು ತೆಗೆದ ಕೂಡಲೇ ತುಟಿ ಮೊದಲಿನ ಹಾಗೇ ಇಳಿಯಿತು. ಅವಳು ಸ್ವಲ್ಪ ಹೊತ್ತು ನೋಡಿ, ಕಿಟಕಿಯ ಕಡೆ ತಿರುಗಿದಳು.

ಆಮೇಲೆ ಅವಳು ಅವನನ್ನು ಕಚ್ಚಲಿಲ್ಲ, ಯಾರನ್ನೂ ಕಚ್ಚಲಿಲ್ಲ. ಈಗ ಊಟಕ್ಕೆ ವಿಲ್‌ಗೊತ್ ಅವಳ ಪಕ್ಕವೇ ಕೂರುತ್ತಾನಂತೆ. ಸಂಜೆ ಆನ್ನಿಕಾ "ಅಹನಾ, ಅಪ್ಪ ಬಂದ್ರು" ಎಂದು ಕೂಗಿದರೆ ತಾನೇ ಜಾಕೆಟ್ ಹಾಕಿಕೊಂಡು ಬರುತ್ತಾಳೆ. ಬಂದು, ಅವನ ಮುಖ ನೋಡದೆ, ಕೈ ಹಿಡಿದುಕೊಳ್ಳುತ್ತಾಳೆ.