ಹೆಸರು ಕೂಗುವವನು

ಕಹಳೆಯ ದನಿ ಮೊಳಗಿ ನಿಂತಿತು. ಓಡೈಪಟ್ಟಿಯ ದ್ರಾಕ್ಷಿ ಬೆಳೆಗಾರ, ಮಾಜಿ ಸೈನಿಕ ಚಿನ್ನತಂಬಿ ಒಂದು ಹೆಜ್ಜೆ ಹಿಂದೆ ಸರಿದ. ಈ ಯೋಧರ ಸ್ಮಾರಕದಲ್ಲಿ ವರ್ಷಕ್ಕೊಮ್ಮೆ ಮಡಿದವರ ಹೆಸರನ್ನು ಜೊತೆಗಾರನೊಬ್ಬ ಕೂಗುತ್ತಾನೆ, ಮನೆಯವರು ಓಗೊಡುತ್ತಾರೆ. ಚಿನ್ನತಂಬಿ ಬಂದದ್ದು ಇದೇ ಮೊದಲು. ಕಾರ್ಗಿಲ್ ಬೆಟ್ಟದಲ್ಲಿ ಗೆಳೆಯ ವೀರಭದ್ರನ ಹೆಸರನ್ನು ಗಂಟಲು ಕಟ್ಟುವವರೆಗೆ ಕೂಗಿದ್ದ, ಉತ್ತರ ಬರಲಿಲ್ಲ. ಆಮೇಲೆ ಆ ಹೆಸರು ಅವನ ಬಾಯಿಂದ ಹೊರಟೇ ಇರಲಿಲ್ಲ.

"ನೀನೇ ಕೂಗಣ್ಣಾ," ಎಂದಳು ವೀರಭದ್ರನ ಹೆಂಡತಿ ಮುತ್ತುಸೆಲ್ವಿ. "ಗಂಡನ ಹೆಸರು ನಾನ್ ಹೇಳಂಗಿಲ್ಲ."

"ನನ್ ಕೈಲಿ ಆಗಲ್ಲಮ್ಮಾ."

"ತೋಟದಾಗೆ ಗಿಳಿ ಓಡ್ಸಕ್ಕೆ ಊರಿಗೇ ಕೇಳಂಗೆ ಕೂಗ್ತೀಯ. ಇದಕ್ಕೆ ಗಂಟಲಿಲ್ವಾ?"

ಸುತ್ತಲಿದ್ದವರು ನಕ್ಕರು. ಚಿನ್ನತಂಬಿ ಕಣ್ಣು ಮುಚ್ಚಿದ.

"ವೀರಭದ್ರಾ!"

"ಇದೀನಿ!" ಎಂದಳು ಮುತ್ತುಸೆಲ್ವಿ, ಗಂಡನ ಪರವಾಗಿ, ಚಿನ್ನತಂಬಿಯ ಕೂಗಿಗಿಂತ ಗಟ್ಟಿಯಾಗಿ.

ಇಷ್ಟು ವರ್ಷ ಎದೆಯಲ್ಲಿ ಕಟ್ಟಿಕೊಂಡಿದ್ದ ಉಸಿರು ಒಮ್ಮೆಲೇ ಹೊರಬಂತು. ಚಿನ್ನತಂಬಿ ಅತ್ತ. ಅಳುತ್ತಲೇ ನಗು ಬಂತು, ಮೈ ಹಗುರಾಯಿತು.

"ಬರೋ ವರ್ಷಾನೂ ನೀನೇ ಕೂಗ್ಬೇಕು," ಎಂದಳು ಅವಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಈಗ ನಮ್ಮನೇಗೆ ಬಾ, ಮಗಳು ನಿನ್ನ ನೋಡ್ಬೇಕು ಅಂತ..."

ಮಾತು ಮುಗಿಯುವ ಮೊದಲೇ ಅವನು ಹೆಸರು ಕೆತ್ತಿದ ಕಲ್ಲಿನತ್ತ ನಡೆದಿದ್ದ, ವೀರಭದ್ರಾ, ವೀರಭದ್ರಾ ಎಂದು ಮೆಲ್ಲಗೆ ಕರೆಯುತ್ತಾ.