ಸಾರಿ ಅಂದರೆ ಸೀರೆ ಬರುವುದಿಲ್ಲ

ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರಲ್ಲಿ ನನಗೆ ಈಗಲೂ ದಿನಬಳಕೆಗೆ ಬರುವುದು ಒಂದೇ ಶಬ್ದ: ಸಾರಿ. ಬಾದಾಮಿಯಲ್ಲಿ ಮೂರು ಕೋಣೆಯ ಹೋಮ್‌ಸ್ಟೇ ನಡೆಸುವ ಮುದುಕಿಗೆ ಅದು ಫಸ್ಟ್ ಏಡ್ ಬಾಕ್ಸ್ ಇದ್ದಂತೆ. ಗೀಝರ್ ಕೈಕೊಟ್ಟರೆ ಸಾರಿ, ಕರೆಂಟು ಹೋದರೆ ಸೋ ಸಾರಿ, ಒಂದೇ ಕೋಣೆ ಇಬ್ಬರಿಗೆ ಬುಕ್ ಆಗಿದ್ದರೆ ಟೆರಿಬ್ಲಿ ಸಾರಿ. ರೋಗಕ್ಕೆ ತಕ್ಕ ಡೋಸು. ಕನ್ನಡದಲ್ಲಿ 'ತಪ್ಪಾಯ್ತು' ಅಂದರೆ ತಪ್ಪು ನಮ್ಮದಾಗಿಬಿಡುತ್ತದೆ. 'ಸಾರಿ' ಅಂದರೆ ಅದು ಯಾರದೂ ಅಲ್ಲ. ಎಂಥ ಕನ್ವೀನಿಯೆಂಟ್ ಭಾಷೆ!

ಈ ಔಷಧ ನಾಟದೆ ಹೋದದ್ದು ಗಂಗವ್ವನವರಿಗೆ. ಬಾದಾಮಿಗೆ ಕೊಟ್ಟ ಮೊಮ್ಮಗಳ ಕುಬಸಕ್ಕೆಂದು ಹುನಗುಂದದಿಂದ ಬಂದಿದ್ದರು. ಬೀಗರ ಮನೆ ತುಂಬಿದ್ದರಿಂದ ನಮ್ಮಲ್ಲಿ ವಸ್ತಿ. ಏಳು ತಿಂಗಳ ಬಸುರಿಗೆ ಉಡಿಸಲು ತಂದ ಹಸಿರು ಇಳಕಲ್ ಸೀರೆಯನ್ನು, ಟ್ರಂಕಿನ ವಾಸನೆ ಹೋಗಲೆಂದು, ಬೆಳಿಗ್ಗೆ ಬಾಲ್ಕನಿಯಲ್ಲಿ ಹರವಿದರು. ಮಂಗಗಳಿವೆ, ಎಚ್ಚರ ಎಂಬ ಬೋರ್ಡು ಅಲ್ಲೇ ಇತ್ತು, ಇಂಗ್ಲಿಷಿನಲ್ಲಿ. ಮಂಗ ಬಂತು. ಸೀರೆ ಎಳೆದುಕೊಂಡು ಬೇವಿನ ಮರ ಹತ್ತಿತು. ಕೆಳಗೆ ಬಿದ್ದದ್ದು ಎರಡು ತುಂಡು.

"ವೆರಿ ಸಾರಿ ರೀ, ರಿಯಲಿ ಸಾರಿ," ಎಂದೆ.

"ನಿಮ್ಮ ಸಾರಿ ಹುಡುಗಿಗೆ ಉಡಸಾಕ ಬರ್ತೈತೇನ್ರಿ ಅಕ್ಕಾರ? ನನಗ ಸೀರಿ ಬೇಕ್ರಿ, ಸೀರಿ! ತಾಯಿ ಇಲ್ಲದ ಕೂಸದು. ತವರಿನ ಸೀರಿ ಇಲ್ದ ಬರೇ ಕೈಲೆ ಹೋದ್ರ ಬೀಗರ ಮುಂದ ಅದರ ಮಾರಿ ಏನಾದೀತು?"

ಅಂಗಡಿಗಳು ಬಾಗಿಲು ತೆಗೆಯುವ ಹೊತ್ತಿಗೆ ಮುಹೂರ್ತ ಮೀರುತ್ತಿತ್ತು.

ನನ್ನ ಕಪಾಟಿನಲ್ಲಿ ಒಂದು ಹಸಿರು ಇಳಕಲ್ ಸೀರೆಯಿತ್ತು. ನನ್ನ ಕುಬಸಕ್ಕೆಂದು ಅವ್ವ ಮೊದಲೇ ತೆಗೆದಿಟ್ಟದ್ದು. ನನಗೆ ಮಕ್ಕಳಾಗಲಿಲ್ಲ; ಆಗೀಗ ಹೊರತೆಗೆದು ಮಡಿಕೆ ಬದಲಿಸಿಡುವುದೇ ಅದರ ಉಪಯೋಗವಾಗಿತ್ತು. ತಂದು ಕೊಟ್ಟೆ.

ಗಂಗವ್ವ ಸೆರಗು ಸವರಿ ನೋಡಿದರು. "ಭಾಳ ಚಂದ ಐತ್ರಿ. ಆದ್ರ ಹಿಂಗ ಒಯ್ಯಾಂಗಿಲ್ಲ. ಸೀರಿ ಕೊಟ್ಟಾಕಿ ಬಂದು ಉಡಿ ತುಂಬಬೇಕು."

"ನನಗ ಮಕ್ಕಳಿಲ್ರಿ. ನಾ ಉಡಿ ತುಂಬಿದ್ರ ಮಂದಿ ಏನಂತಾರ?"

"ಮಂದಿ ಸೀರಿ ಕೊಟ್ಟಾರೇನು? ನಡೀರಿ, ಹೊತ್ತಾತು."

ಹೋದೆ. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಹಾಕಿ ಉಡಿ ತುಂಬಿದೆ. ಹುಡುಗಿ ಕಾಲಿಗೆರಗಲು ನೋಡಿದಳು, ಹೊಟ್ಟೆ ಬಿಡಲಿಲ್ಲ. ನಕ್ಕು ನನ್ನ ಎರಡೂ ಕೈ ಹಿಡಿದುಕೊಂಡಳು. ಹಳೆಯ ಮಡಿಕೆಯ ಗೆರೆಗಳಿದ್ದರೂ ಸೀರೆ ಅವಳಿಗೆ ಒಪ್ಪಿತ್ತು.

ಬೀಗಿತ್ತಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದರು: "ನೀವು ಯಾರ ಕಡಿಯವರ್ರಿ?"

ಹೋಮ್‌ಸ್ಟೇ ಓನರ್ ಅನ್ನಲೋ, ಸೀರೆ ಕೊಟ್ಟವಳು ಅನ್ನಲೋ ಎಂದು ನಾನು ತಡವರಿಸುವಷ್ಟರಲ್ಲಿ ಗಂಗವ್ವ ಆಚೆಯಿಂದ ಕೂಗಿದರು: "ಮಂಗ್ಯಾನ ಕಡಿಯವರು!"

ಕಥೆ ಕೇಳಿ ಮನೆಯೆಲ್ಲ ನಕ್ಕಿತು. ಊಟಕ್ಕೆ ನನ್ನನ್ನು ತವರಿನವರ ಪಂಕ್ತಿಯಲ್ಲಿ ಕೂಡಿಸಿದರು.